ಎರಡು ಸೇರು ಜೋಳದ ತೂಕ

ಸಂಕ್ರಾಂತಿ ಮುಗಿದ ಮರುವಾರ ಆ ಹುಡುಗಿ ಅತ್ತೆಯ ಬೆನ್ನಿಗೆ ಅಂಟಿಕೊಂಡು ನಮ್ಮ ಉಪಕೇಂದ್ರದ ಮೆಟ್ಟಿಲು ಹತ್ತಿದಳು. ಹಡಗಲಿ ತಾಲ್ಲೂಕಿನಲ್ಲಿ, ಮಾಗಳದ ಕಡೆ, ಹೊಳೆಗೆ ಹತ್ತಿರವಿರುವ ನಾಲ್ಕು ಊರುಗಳಿಗೆ ನಾನು ನರ್ಸು. ಜನರ ಬಾಯಲ್ಲಿ ‘ಬೈಯೋ ನರ್ಸಮ್ಮ’. ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಆದದ್ದಕ್ಕೆಲ್ಲ ಆ ಹೆಮ್ಮೆಯೇ ಮೂಲ.

ಬಸುರಿಯ ಹೆಸರು ಬರೆಸಲು ಬಂದವರನ್ನು ವಯಸ್ಸು ಕೇಳಿದರೆ ನಮ್ಮ ಕಡೆ ಎಲ್ಲರಿಗೂ ಹತ್ತೊಂಬತ್ತೇ. ಅದಕ್ಕೆ ನಾನು ಬಾಯಿಮಾತು ನಂಬುವುದಿಲ್ಲ, ಮಾರ್ಕ್ಸ್ ಕಾರ್ಡು ತರಿಸುತ್ತೇನೆ. ಇವಳಿಗೆ ಹದಿನೆಂಟು ತುಂಬಿ ಐದು ತಿಂಗಳಾಗಿತ್ತು. ಪಿಯುಸಿ ಪರೀಕ್ಷೆ ಬರೆಸಿ, ಹದಿನೆಂಟು ತುಂಬುವುದನ್ನೇ ಕಾಯುತ್ತಿದ್ದು, ಮರುತಿಂಗಳು ಮದುವೆ ಮಾಡಿದ್ದರು. ತವರು ಕೂಡ್ಲಿಗಿ ಕಡೆಯ ಹಳ್ಳಿ. ತಾಯಿ ಇಲ್ಲ, ಅಣ್ಣಂದಿರ ಮನೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಹೀಗಾಗಿ ಇವಳಿಗೆ ಇರಲಿಲ್ಲ. ಹೆರಿಗೆ ಆಗುವತನಕ ಅವಳು ನನ್ನ ಪಾಲಿಗೇ.

ಎತ್ತರ ನೂರಾ ನಲವತ್ತೇಳು ಸೆಂಟಿಮೀಟರ್. ತೂಕ ಮೂವತ್ತೆಂಟು ಕೆಜಿ. ಹನ್ನೊಂದಾದರೂ ಇರಬೇಕಿದ್ದ ರಕ್ತದ ಹಿಮೋಗ್ಲೋಬಿನ್ ಎಂಟೂವರೆ. ತೋಳಿಗೆ ಟೇಪು ಸುತ್ತಿದರೆ ಇಪ್ಪತ್ತು ಸೆಂಟಿಮೀಟರ್ ದಾಟಲಿಲ್ಲ. ಆ ವಯಸ್ಸಿನಲ್ಲಿ ಹುಡುಗಿಯ ಮೈ ತಾನೇ ಇನ್ನೂ ಬೆಳೆಯುತ್ತಿರುತ್ತದೆ. ಒಳಗೆ ಇನ್ನೊಂದು ಮೈ ಬೆಳೆಯಲು ಶುರುವಾದರೆ ಒಂದೇ ತಟ್ಟೆಗೆ ಇಬ್ಬರು ಕೈ ಹಾಕಿದ ಹಾಗೆ. ತಟ್ಟೆ ತುಂಬದಿದ್ದರೆ ಇಬ್ಬರಿಗೂ ಅರೆಹೊಟ್ಟೆ. ಹೆರಿಗೆಯ ಹೊತ್ತಿಗೆ ಅವಳ ತೂಕ ಹತ್ತು ಹನ್ನೆರಡು ಕೆಜಿಯಾದರೂ ಏರಬೇಕಿತ್ತು. ಏರದಿದ್ದರೆ ಕೂಸು ಎರಡು ಕೆಜಿಯೊಳಗೇ ಹುಟ್ಟಿ ಮೊಲೆ ಚೀಪಲೂ ತ್ರಾಣವಿಲ್ಲದೆ ಮಲಗಬಹುದು, ಹೆರಿಗೆಯಲ್ಲಿ ತುಸು ಹೆಚ್ಚು ರಕ್ತ ಹೋದರೂ ತಾಯಿ ಉಳಿಯದಿರಬಹುದು. ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

“ಮುಂಜಾನಿ ಏನ್ ತಿಂತೀಯವ್ವಾ?” ಎಂದು ಹುಡುಗಿಯನ್ನು ಕೇಳಿದೆ.

ಉತ್ತರ ಅತ್ತೆಯಿಂದ ಬಂತು. ನನ್ನದೇ ಓರಗೆಯ ಹೆಂಗಸು, ಹಣೆ ತುಂಬ ವಿಭೂತಿ, ಗಟ್ಟಿ ದನಿ. “ಎಲ್ಲಾ ತಿಂತಾಳ್ರೀ ನರ್ಸಮ್ಮಾರ. ಒಂದೆಕರೆ ಮಲ್ಲಿಗಿ ತೋಟ ಐತಿ, ಹೊಲದಾಗ ಜ್ವಾಳ, ಶೇಂಗಾ ಬೆಳಿತೀವಿ. ನಮ್ಮನ್ಯಾಗ ಉಣ್ಣಾಕ ಏನ್ ಕಡಿಮಿ ಐತ್ರಿ?”

ನಾನು ಎಂದಿನ ಪಾಠ ಒಪ್ಪಿಸಿದೆ. ಕಬ್ಬಿಣದ ಮಾತ್ರೆ ಊಟವಾದ ಮೇಲೆ, ಚಹಾದ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿನಲ್ಲಿ. ಮಧ್ಯಾಹ್ನ ಅಂಗನವಾಡಿಗೆ ಹೋಗಿ ಬಿಸಿಯೂಟ. ಮೊಟ್ಟೆಯನ್ನು ಆ ಮನೆಯವರು ಮುಟ್ಟುವುದಿಲ್ಲ, ಅದಕ್ಕೆ ಬದಲು ಮೊಳಕೆ ಕಾಳು, ಶೇಂಗಾ ಚಿಕ್ಕಿ. ಹುಡುಗಿ ಎಲ್ಲದಕ್ಕೂ ತಲೆಯಾಡಿಸಿದಳು. ತಲೆಯಾಡಿಸುವ ಹುಡುಗಿಯರನ್ನು ಕಂಡರೆ ನನಗೆ ಭಯ. ಜಗಳವಾಡುವವರಾದರೆ ನಾನು ಹೇಳಿದ್ದರಲ್ಲಿ ಅರ್ಧವನ್ನಾದರೂ ಮಾಡುತ್ತಾರೆ.

ಫೆಬ್ರವರಿಯಲ್ಲಿ ತೂಕ ಹಾಗೇ ಇತ್ತು. ವಾಂತಿಯ ದಿನಗಳು, ಬಿಟ್ಟೆ. ಮಾರ್ಚಿನಲ್ಲಿ ಮೂವತ್ತೆಂಟೂವರೆ.

ನಮ್ಮ ತೂಕದ ಯಂತ್ರ ಕಟ್ಟೆಯ ಮೇಲಿರುತ್ತಿತ್ತು, ಏಕೆಂದರೆ ಒಳಗೆ ನೆಲ ಸಮವಿಲ್ಲ. ಬಸುರಿಯರ ತಪಾಸಣೆಯ ದಿನ ಹತ್ತು ಹನ್ನೆರಡು ಹುಡುಗಿಯರು, ಅವರ ಹಿಂದೆ ಅಷ್ಟೇ ಮಂದಿ ಅತ್ತೆಯರು, ಕಂಕುಳಲ್ಲಿ ಮಕ್ಕಳು. ನಾನು ಒಬ್ಬೊಬ್ಬರನ್ನೇ ಹತ್ತಿಸಿ ಅಂಕಿಯನ್ನು ಜೋರಾಗಿ ಕೂಗುತ್ತಿದ್ದೆ, ಆಶಾ ಕಾರ್ಯಕರ್ತೆ ಕೂತು ಬರೆದುಕೊಳ್ಳುತ್ತಿದ್ದಳು. ಅವತ್ತು ಅಂಕಿಯ ಜೊತೆ ಇನ್ನಷ್ಟು ಕೂಗಿದೆ.

“ಎರಡು ತಿಂಗ್ಳಿಗೆ ಅರ್ಧ ಕೆಜಿ! ಕೂಸು ಗಾಳಿ ಕುಡುದು ಬೆಳೀತೈತೇನು? ಅಕ್ಕಾರ, ಸೊಸಿಗೆ ಕೂಳು ಹಾಕ್ತೀರೋ ಇಲ್ಲೋ? ಮನಿ ತುಂಬ ಐತಿ ಅಂದ್ರಿ!”

ಅತ್ತೆ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದು ಹೋದರು. ಹುಡುಗಿ ಅವರ ಹಿಂದೆ ಓಡುನಡಿಗೆಯಲ್ಲಿ ಹೋದಳು. ನಾಲ್ಕು ಜನರ ಮುಂದೆ ನಾಚಿಕೆಯಾಗಲಿ ಎಂದೇ ನಾನು ಹಾಗೆ ಅಂದದ್ದು. ನಾಚಿಕೆಯಾದರೆ ಜನ ತಿದ್ದಿಕೊಳ್ಳುತ್ತಾರೆ ಎಂಬುದು ನನ್ನ ಶಾಸ್ತ್ರವಾಗಿತ್ತು. ನಮ್ಮ ಉಪಕೇಂದ್ರದ ಗೋಡೆಯ ಮೇಲೆ ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ನಾನೇ ಬರೆಸಿದ್ದೇನೆ. ಮೊದಲರ್ಧವನ್ನು ದಿನಾ ಉಪದೇಶ ಮಾಡುತ್ತೇನೆ, ಎರಡನೆಯದರಲ್ಲಿ ನಪಾಸು.

ಏಪ್ರಿಲಿನಲ್ಲಿ ಅವಳು ಯಂತ್ರ ಹತ್ತಿದಾಗ ಮುಳ್ಳು ನಲವತ್ತಕ್ಕೆ ಹೋಗಿ ನಿಂತಿತು. ಒಂದೂವರೆ ಕೆಜಿ! ಬೈದಷ್ಟೇ ಜೋರಾಗಿ ಹೊಗಳಿದೆ. “ನೋಡ್ರಿ, ಹಿಂಗಾಗಬೇಕು!” ಅತ್ತೆಯ ಮುಖವೂ ಸ್ವಲ್ಪ ಸಡಿಲಾಯಿತು. ಆ ತಿಂಗಳು ಆರೋಗ್ಯ ಕೇಂದ್ರದಲ್ಲಿ ನಡೆದ ನರ್ಸುಗಳ ಸಭೆಯಲ್ಲಿ, ತೂಕ ಏರದ ಚಿಕ್ಕ ವಯಸ್ಸಿನ ಬಸುರಿಯರ ಮಾತು ಬಂದಾಗ, ನಾನು ಎದ್ದು ನಿಂತು ಇದೇ ಹುಡುಗಿಯ ಉದಾಹರಣೆ ಕೊಟ್ಟೆ. ಸ್ವಲ್ಪ ಜೋರು ಮಾಡಬೇಕ್ರಿ, ಮೆತ್ತಗಿದ್ದರೆ ಆಗುವುದಿಲ್ಲ ಎಂದೆ. ಕೆಲವರು ಬರೆದುಕೊಂಡರು. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೇ ತಿಂಗಳು. ಏಳು ತಿಂಗಳ ಬಸುರಿ. ಯಂತ್ರ ನಲವತ್ತೊಂದೂವರೆ ತೋರಿಸಿತು, ನಾನು ಕೂಗಿದೆ, ಆಶಾ ಬರೆದಳು. ಆಮೇಲೆ ಹುಡುಗಿಯನ್ನು ಒಳಗೆ ಪರದೆಯ ಹಿಂದೆ ಮಲಗಿಸಿ ಹೊಟ್ಟೆಗೆ ಟೇಪು ಹಿಡಿದೆ. ಆ ಹೊತ್ತಿಗೆ ಗರ್ಭ ಇಪ್ಪತ್ತೆಂಟು ಸೆಂಟಿಮೀಟರಿನ ಆಸುಪಾಸಿನಲ್ಲಿ ಇರಬೇಕು. ಇಪ್ಪತ್ತನಾಲ್ಕಿತ್ತು. ಮತ್ತೆ ಹಿಡಿದೆ, ಇಪ್ಪತ್ತನಾಲ್ಕೇ. ಕೊನೆಯ ಮುಟ್ಟಿನ ದಿನವನ್ನು ಮತ್ತೊಮ್ಮೆ ಕೇಳಿ ಬೆರಳೆಣಿಸಿದೆ, ಲೆಕ್ಕ ತಪ್ಪಿರಲಿಲ್ಲ. ಕೂಸಿನ ಎದೆಬಡಿತ ಚೆನ್ನಾಗಿತ್ತು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರೆ ರಕ್ತವಿಲ್ಲದ ಬಿಳುಪು ಹಾಗೇ ಇತ್ತು. ತೋಳಿಗೆ ಟೇಪು ಸುತ್ತಿದೆ. ಮೂರೂವರೆ ಕೆಜಿ ಏರಿದ ಮೈಯಲ್ಲಿ ತೋಳು ಒಂದು ನೂಲೂ ದಪ್ಪವಾಗಿರಲಿಲ್ಲ.

ಯಂತ್ರ ಕೆಟ್ಟಿರಬೇಕು ಅಂದುಕೊಂಡೆ. ಹೊರಗೆ ಹೋಗಿ ನಾನೇ ಹತ್ತಿ ನಿಂತೆ. ನನ್ನ ತೂಕ ಹಲವು ವರ್ಷಗಳಿಂದ ನನ್ನನ್ನು ಬಿಟ್ಟು ಕದಲಿಲ್ಲ; ಅಷ್ಟೇ ತೋರಿಸಿತು. ಮುಳ್ಳು ಸರಿಯಾಗಿ ಸೊನ್ನೆಗೆ ಬರುತ್ತದೋ ಎಂದು ನೋಡಲು ಮೊಣಕಾಲು ಹಿಡಿದುಕೊಂಡು ಬಗ್ಗಿದೆ. ಕಾಲಿಡುವ ಕರಿ ರಬ್ಬರಿನ ಮೇಲೆ ಮೂರು ಕಾಳು ಜೋಳ ಬಿದ್ದಿದ್ದವು.

ಹೊಟ್ಟೆ ನೋಡುವ ಮುಂಚೆ ‘ಮೂತ್ರಕ್ಕೆ ಹೋಗಿ ಬಾ’ ಎಂದು ಎಲ್ಲರನ್ನೂ ಕಳಿಸುವವಳು ನಾನೇ. ತೂಕ ಮೊದಲು, ಆಮೇಲೆ ಹಿಂದಿನ ಶೌಚಾಲಯ, ಆಮೇಲೆ ಪರದೆಯ ಹಿಂದೆ ಮಂಚ, ಇದು ನನ್ನದೇ ಕ್ರಮ. ಶೌಚಾಲಯಕ್ಕೆ ಹೋದೆ. ಕಿಟಕಿಯ ಕಟ್ಟೆಯ ಮೇಲೆ, ಬಕೆಟ್ಟಿನ ಮರೆಯಲ್ಲಿ, ಹಳೆ ಸೀರೆಯ ತುಂಡಿನ ಗಂಟೊಂದು ಇತ್ತು. ಎತ್ತಿದರೆ ಕೈ ಜಗ್ಗಿತು.

ಪರದೆಯ ಹಿಂದೆ ಅವಳು ಇನ್ನೂ ಮಂಚದ ಮೇಲೆ ಕೂತಿದ್ದಳು. ಗಂಟನ್ನು ಅವಳ ಪಕ್ಕದಲ್ಲಿಟ್ಟೆ.

“ಏನವ್ವಾ ಇದು?”

“ಜ್ವಾಳ್ರೀ” ಎಂದಳು.

“ಎಷ್ಟೈತಿ?”

“ಎರಡ್ ಸೇರ್ರೀ. ಹೋದ ತಿಂಗ್ಳ ಒಂದ ಸೇರಿತ್ತು. ಒಮ್ಮೆಲೇ ಭಾಳ ಏರಿದ್ರ ನಿಮಗ ಗೊತ್ತಾಕ್ಕೈತಿ ಅಂತ ಲೆಕ್ಕಾ ಮಾಡಿ ಹಾಕ್ಕೊಂಡೀನ್ರಿ.”

ನಮ್ಮ ಕಡೆಯ ಸೇರೆಂದರೆ ಹೆಚ್ಚುಕಡಿಮೆ ಒಂದು ಕೆಜಿ. ಅದನ್ನು ಹೊಟ್ಟೆಯ ಕೆಳಗೆ ಉಡಿಯಲ್ಲಿ ಕಟ್ಟಿಕೊಂಡು, ಮೇಲೆ ಸೆರಗು ಹೊದ್ದು, ಅಷ್ಟು ಜನರ ಮುಂದೆ ಯಂತ್ರ ಹತ್ತಿದ್ದಳು. ಪಿಯುಸಿ ಓದಿದ ಹುಡುಗಿ, ಲೆಕ್ಕದಲ್ಲಿ ನನ್ನನ್ನೇ ಮೀರಿಸಿದ್ದಳು. ಇನ್ನೊಂದು ದಿನವಾಗಿದ್ದರೆ ಕೂಗಾಡುತ್ತಿದ್ದೆ. ಅವತ್ತು ಅವಳ ಪಕ್ಕ ಮಂಚದ ಮೇಲೆ ಕೂತೆ.

“ಯಾಕವ್ವಾ?”

“ನೀವು ಅವತ್ತು ಬೈದ್ರಲ್ರೀ. ನಮ್ಮತ್ತಿ ಮೂರು ದಿನ ನನ್ನ ಕೂಡ ಮಾತಾಡ್ಲಿಲ್ಲ. ಮಂದ್ಯಾಗ ನನ್ನ ಮಾನ ಕಳದಿ ಅಂದ್ರು. ಆ ಮನ್ಯಾಗ ನನ್ನ ಕೂಡ ಮಾತಾಡಾರು ಅವರೊಬ್ಬರ ಅದಾರ್ರಿ. ಮತ್ತ ತೂಕ ಆಗ್ಲಿಲ್ಲಂದ್ರ…” ಅಷ್ಟಕ್ಕೆ ನಿಲ್ಲಿಸಿ, “ಅತ್ತಿಗೆ ಹೇಳಬ್ಯಾಡ್ರೀ ಸಿಸ್ಟರ್” ಎಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಎರಡು ತಿಂಗಳು ಹೋಗಿದ್ದವು. ಕೂಸು ಮೈ ತುಂಬಿಕೊಳ್ಳಬೇಕಾದ ಎರಡು ತಿಂಗಳು.

ಅವಳನ್ನು ಒಬ್ಬಳನ್ನೇ ಕೂಡಿಸಿಕೊಂಡು, ಮೊದಲ ದಿನವೇ ಕೇಳಬೇಕಿದ್ದನ್ನು ಆಗ ಕೇಳಿದೆ. ಮಲ್ಲಿಗೆಯ ಕಾಲವಾದ್ದರಿಂದ ಐದು ಗಂಟೆಗೆ ತೋಟಕ್ಕೆ. ಮೊಗ್ಗು ಅರಳುವ ಮೊದಲು ಬಿಡಿಸಿ, ದಾವಣಗೆರೆ ಕಡೆಯ ಬಸ್ಸಿಗೆ ಬುಟ್ಟಿ ಹಾಕಬೇಕು. ಒಂಬತ್ತಕ್ಕೆ ಮನೆ. ಆಮೇಲೆ ರೊಟ್ಟಿ ಬಡಿಯುವುದು, ಗಂಡಸರ ಊಟ, ಪಾತ್ರೆ. ಅವಳು ತಟ್ಟೆಯ ಮುಂದೆ ಕೂರುವಾಗ ಹನ್ನೊಂದು, ಒಂದು ರೊಟ್ಟಿ. ರಾತ್ರಿ ಇನ್ನೊಂದು. ಹೊಸ ಸೊಸೆ ಓಣಿ ದಾಟಿ ಹೋಗಿ ಉಣ್ಣಬಾರದೆಂದು ಅಂಗನವಾಡಿಯ ಊಟ ಡಬ್ಬಿಯಲ್ಲಿ ಮನೆಗೇ ಬಂದು ಎಲ್ಲರ ಊಟದಲ್ಲಿ ಕರಗುತ್ತಿತ್ತು. ಚಿಕ್ಕಿ ಮನೆಯ ಮಕ್ಕಳ ಪಾಲು.

“ಒಂದ ರೊಟ್ಟಿಗೆ ಹೊಟ್ಟಿ ತುಂಬತೈತೇನು?”

“ತುಂಬಂಗಿಲ್ರಿ. ಅತ್ತಿ ಸಾಕಂತಾರ. ಕೂಸು ದಪ್ಪ ಆದ್ರ ಹಡಿಯಾಕ ಆಗಂಗಿಲ್ಲ ಅಂತಾರ್ರಿ.”

“ಮುಂಜಾನಿ ತೋಟಕ್ಕ ಹೋಗೂ ಮುಂಚೆ ಏನರೆ ಬಾಯಾಗ ಹಾಕ್ಕೋಬಾರ್ದೇನು?”

“ಹೂ ಬಿಡಿಸೂತನಕ ಏನೂ ತಿನ್ನಂಗಿಲ್ರಿ. ದೇವ್ರಿಗೆ ಹೋಗೋ ಹೂವು, ಎಂಜಲ ಕೈಲೆ ಮುಟ್ಟಬಾರ್ದು. ಅದು ನಮ್ಮನಿ ಪದ್ಧತಿ. ಚಾ ಒಂದು ನಡೀತೈತಿ.”

ಗಂಟನ್ನು ಅವಳ ಕೈಗೆ ಕೊಟ್ಟು, ಮನೆಗೆ ಹೋಗಿ ತಿರುಗಿ ಚೀಲಕ್ಕೆ ಸುರಿದುಬಿಡು ಎಂದೆ. ಮತ್ತೆ ತೂಗಿದೆ, ಯಂತ್ರವನ್ನು ಒಳಗೆ ತಂದು ಇದ್ದುದರಲ್ಲಿ ಸಮವಾದ ಕಡೆ ಇಟ್ಟು, ಬಾಗಿಲು ಹಾಕಿಕೊಂಡು, ಇಬ್ಬರೇ. ಮೂವತ್ತೊಂಬತ್ತು ಕೆಜಿ ನಾನೂರು ಗ್ರಾಂ.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಅವಳ ತಾಯಿ ಕಾರ್ಡನ್ನು ಮುಂದಿಟ್ಟುಕೊಂಡು ಕೂತೆ. ಬಸುರಿಯ ಒಂಬತ್ತು ತಿಂಗಳ ಲೆಕ್ಕವೆಲ್ಲ ಇರುವ ಪುಸ್ತಕ ಅದು. ನಲವತ್ತು, ನಲವತ್ತೊಂದೂವರೆ, ನನ್ನ ದುಂಡು ಅಕ್ಷರದಲ್ಲಿ. ಸುಮ್ಮನೆ ಬಿಟ್ಟುಬಿಡಬಹುದಿತ್ತು. ಮುಂದಿನ ತಿಂಗಳು ಸ್ವಲ್ಪ ಕಡಿಮೆ ಬರೆದು, ಭೇದಿಯಾಗಿತ್ತು ಎಂದರೆ ಯಾರೂ ಕೇಳುವುದಿಲ್ಲ. ಸುಸ್ತಾಗಿತ್ತು. ಎಂಥ ಸುಸ್ತೆಂದರೆ, ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ. ಹಾಲಿಲ್ಲದ ಮನೆಗೆ ಹಾಲು ಕುಡಿ ಎಂದು ಹೇಳಿ ಬಂದ, ತವಡು ಕುಟ್ಟಿದ ಹಾಗೆ ಹೇಳಿದ್ದನ್ನೇ ಹೇಳಿದ ಸುಸ್ತು. ಆದರೆ ಸುಳ್ಳು ತೂಕ ಕಾರ್ಡಿನಲ್ಲಿದ್ದರೆ ಹೆರಿಗೆಯ ದಿನ ಅದನ್ನು ನೋಡುವ ಡಾಕ್ಟರು ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಕೆಂಪು ಪೆನ್ನು ತೆಗೆದು ಎರಡೂ ಅಂಕಿಗಳ ಮೇಲೆ ಗೀರೆಳೆದೆ. ಏಪ್ರಿಲಿನದಕ್ಕೆ ‘ತಿಳಿಯದು’ ಎಂದು, ಮೇ ತಿಂಗಳದ್ದಕ್ಕೆ ನಿಜದ ಅಂಕಿಯನ್ನು ಬರೆದು ಸಹಿ ಮಾಡಿದೆ.

ಇನ್ನು ಅತ್ತೆ. ಜೋಳದ ಮಾತು ಹೇಳಿದರೆ ಹುಡುಗಿಯ ಬಾಳು ಕೆಡುತ್ತದೆ, ಏನೂ ಹೇಳದಿದ್ದರೆ ಒಂದು ರೊಟ್ಟಿ ಎರಡಾಗುವುದಿಲ್ಲ. ಮನೆಗೆ ಹೋದರೆ ಅಕ್ಕಪಕ್ಕದವರು ಕಿವಿ ಇಡುತ್ತಾರೆ. ಮರುದಿನ ಬೆಳಗ್ಗೆ ಐದೂವರೆಗೆ ಸ್ಕೂಟಿ ಹತ್ತಿ ನೇರ ತೋಟಕ್ಕೇ ಹೋದೆ.

ಅತ್ತೆ ಉಡಿ ಕಟ್ಟಿಕೊಂಡು ಸಾಲಿನ ಈ ತುದಿಯಲ್ಲಿದ್ದರು, ಹುಡುಗಿ ದೂರದ ಸಾಲಿನಲ್ಲಿ. ನನ್ನನ್ನು ನೋಡಿಯೂ ಅತ್ತೆಯ ಕೈ ನಿಲ್ಲಲಿಲ್ಲ. ನಾನೂ ಪಕ್ಕದ ಗಿಡಕ್ಕೆ ಕೈ ಹಾಕಿದೆ.

“ಮೊಗ್ಗು ಹಿಂಡಬ್ಯಾಡ್ರಿ, ತೊಟ್ಟು ಹಿಡೀರಿ. ಹೂವು ಕಪ್ಪಾಕ್ಕೈತಿ!” ಎಂದು ಗದರಿದರು. ಬೈಸಿಕೊಳ್ಳುವುದು ಹೇಗಿರುತ್ತದೆಂದು ಬಹಳ ದಿನದ ಮೇಲೆ ನೆನಪಾಯಿತು. ಆ ಕಡೆ ಈ ಕಡೆ ನೋಡಿ, ಹೇಳಿಬಿಟ್ಟೆ.

“ಅಕ್ಕಾರ, ಅವತ್ತು ಮಂದ್ಯಾಗ ನಿಮಗ ಹಂಗ ಅಂದಿದ್ದು ನಂದು ತಪ್ಪು. ಇನ್ನೊಂದು ತಪ್ಪೂ ನಂದ. ತೂಕ ತಪ್ಪು ಬರಕೊಂಡೀನಿ. ಹುಡುಗಿ ತೂಕ ಏರಿಲ್ಲ. ಕೂಸು ಒಂದು ತಿಂಗ್ಳು ಹಿಂದ ಐತಿ.”

ಅವರು ನನ್ನನ್ನು ಒಮ್ಮೆ ನೋಡಿ, ಮತ್ತೆ ಗಿಡದ ಕಡೆ ತಿರುಗಿದರು. ಅರ್ಧ ಗಿಡ ಮುಗಿಯುವವರೆಗೂ ಮಾತಿಲ್ಲ.

“ನನಗ ಆಗ ಹದಿನಾರು ಇರಬೇಕ್ರಿ,” ಎಂದರು, ಗಿಡಕ್ಕೇ ಹೇಳುವವರ ಹಾಗೆ. “ಚೊಚ್ಚಲ ಬಸರು. ನಮ್ಮವ್ವ ಉಂಡಿ, ತುಪ್ಪ ಅಂತ ತಿನ್ನಿಸಿ ತಿನ್ನಿಸಿ ಇಟ್ಲು. ಎರಡು ದಿನಾ ಹಡಿಯಾಕ ಆಗ್ಲಿಲ್ಲ. ಚಕ್ಕಡ್ಯಾಗ ಹಾಕ್ಕೊಂಡು ಹಡಗಲಿಗೆ ಹೊಂಟ್ರು, ದಾರ್ಯಾಗ ಆತು. ಗಂಡುಕೂಸು. ದಪ್ಪಕ ಚಂದಿತ್ರೀ. ಅಳಲೇ ಇಲ್ಲ. ಒಂದ ಸಲ ಅತ್ತಿದ್ರ ಸಾಕಾಗಿತ್ತು ನನಗ.” ಸೆರಗಿನಿಂದ ಮೂಗು ಒರೆಸಿಕೊಂಡರು. “ಈಕಿ ಗುಬ್ಬಿಯಂಥಾಕಿ ಅದಾಳ. ಅದಕ್ಕ ರೊಟ್ಟಿ ಕೈ ಹಿಡಿದು ಹಾಕ್ತೀನಿ. ಹೊಟ್ಟಿಕಿಚ್ಚಿಗಲ್ರಿ ನರ್ಸಮ್ಮಾರ.”

ಇಷ್ಟು ದಿನ ಅನ್ನ ಹಾಕದ ಅತ್ತೆ ಎಂದು ಮನಸ್ಸಿನಲ್ಲೇ ಜರೆದಿದ್ದೆನಲ್ಲ, ನನಗೆ ನನ್ನ ಮೇಲೇ ಹೇಸಿಗೆಯಾಯಿತು.

“ನಿಮ್ಮ ಹೆದರಿಕಿ ಸುಳ್ಳಲ್ಲ ಅಕ್ಕಾರ” ಎಂದೆ. ಸುಳ್ಳಲ್ಲವೇ ಅಲ್ಲ. ಅಷ್ಟು ಗಿಡ್ಡ ಹುಡುಗಿಯ ಸೊಂಟದಲ್ಲಿ ಕೂಸು ಸಿಕ್ಕಿಕೊಳ್ಳಬಹುದು. ಆದರೆ ಅದಕ್ಕೆ ಮದ್ದು ಉಪವಾಸವಲ್ಲ, ಆಪರೇಷನ್ನಿನ ಅನುಕೂಲವಿರುವ ದೊಡ್ಡ ಆಸ್ಪತ್ರೆ. ಅಲ್ಲಿಗೆ ಕರೆದೊಯ್ಯುವ ಹೊಣೆ ನನ್ನದು ಎಂದೆ. “ಹಸದ ಎತ್ತಿಗೆ ದಿಬ್ಬ ಹತ್ತು ಅಂದ್ರ ಹತ್ತತೈತೇನ್ರಿ? ಹಡಿಯಾಕ ತ್ರಾಣ ಬೇಕು. ಮುಂಜಾನಿ ನಾಕು ತಾಸು ಖಾಲಿ ಹೊಟ್ಟೀಲಿ ನಿಲ್ಲತಾಳ. ನಡುವ ಒಂದೀಟು ಏನರೆ ತಿನ್ನಲಿ.”

“ತ್ವಾಟದಾಗ ತಿನ್ನಂಗಿಲ್ಲ. ದೇವ್ರ ಹೂವು.”

“ಚಾ ನಡಿತೈತಲ್ರೀ?”

“ಚಾ ಬ್ಯಾರೆ.”

ಅಲ್ಲಿಗೆ ಮುಗಿಯಿತು. ಚಹಾ ಯಾಕೆ ಬೇರೆ ಎಂದು ವಾದಿಸುವ ಶಕ್ತಿ ನನ್ನಲ್ಲಿರಲಿಲ್ಲ. ಕಪ್ಪಾದ ನನ್ನ ನಾಲ್ಕು ಮೊಗ್ಗುಗಳನ್ನು ಅವರ ಉಡಿಗೆ ಹಾಕಿ, ಸೋತು ಹಿಂದಿರುಗಿದೆ.

ವಾರ ಕಳೆದಿತ್ತು. ಇಟ್ಟಿಗಿ ಕಡೆ ಲಸಿಕೆಯ ಕೆಲಸವಿತ್ತು, ಹೋಗುವ ದಾರಿಯಲ್ಲಿ ಮನಸ್ಸು ತಡೆಯದೆ ತೋಟದ ಹತ್ತಿರ ಸ್ಕೂಟಿ ನಿಲ್ಲಿಸಿದೆ. ಏಳು ಗಂಟೆ. ಬದುವಿನ ಮೇಲೆ ಅತ್ತೆ ಸೊಸೆ ಇಬ್ಬರೂ ಕೂತಿದ್ದರು. ಅತ್ತೆ ತಂಬಿಗೆಯಿಂದ ಸೊಸೆಯ ಕೈಮೇಲೆ ನೀರು ಹಾಕಿ, ಬುತ್ತಿಯ ಗಂಟು ಬಿಚ್ಚಿ, ಎರಡು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಚೂರು ಬೆಲ್ಲ ಮುಂದಿಟ್ಟರು. ನನ್ನನ್ನು ನೋಡಿದರು.

“ಬಸುರಿ ಕೈಗೆ ಎಂಜಲಿಲ್ಲ” ಎಂದರು ಗಟ್ಟಿಯಾಗಿ.

“ಯಾವ ಶಾಸ್ತ್ರದಾಗ ಐತ್ರಿ ಅದು?”

“ನನ್ನ ಶಾಸ್ತ್ರದಾಗ. ತಿಂದು ಮತ್ತ ಕೈ ತೊಳಕೊಂತಾಳ, ಮುಗೀತು. ನೀವು ಕುಂದರ್ರಿ, ಒಂದು ತುತ್ತು ತಿನ್ರಿ.” ನನಗೆ ಅರ್ಧ ರೊಟ್ಟಿ ಕೊಟ್ಟರು. ಅವರು ಮಾತ್ರ ತಿನ್ನಲಿಲ್ಲ. ಎಷ್ಟೋ ವರ್ಷದ ವ್ರತ ಅವರದು, ಅದನ್ನು ಸೊಸೆಗಾಗಿ ಸಡಿಲಿಸಿದರು, ತಮಗಾಗಿ ಇಲ್ಲ.

ಆ ತಿಂಗಳ ಸಭೆಯಲ್ಲಿ ನಾನು ಮತ್ತೆ ಎದ್ದು ನಿಂತೆ. ಹೋದ ತಿಂಗಳು ಹೇಳಿದ್ದು ತಪ್ಪು, ಆ ಹುಡುಗಿಯ ತೂಕ ಏರಿರಲಿಲ್ಲ, ನನ್ನ ಬೈಗುಳಕ್ಕೆ ಹೆದರಿ ಉಡಿಯಲ್ಲಿ ಜೋಳ ಕಟ್ಟಿಕೊಂಡು ಬಂದಿದ್ದಳು ಎಂದೆ. ಊರು, ಹೆಸರು ಹೇಳಲಿಲ್ಲ. ಒಬ್ಬರಿಬ್ಬರು ನಕ್ಕರು, ಉಳಿದವರು ತಲೆ ತಗ್ಗಿಸಿದರು. ಹೊರಗೆ ಬಂದ ಮೇಲೆ ಇನ್ನೊಬ್ಬ ಸಿಸ್ಟರ್ ನನ್ನ ತೋಳು ಹಿಡಿದು, “ಅಕ್ಕಾ, ನನ್ನ ಕಡೀನೂ ಇರಬೋದು. ನಾನು ಬಗ್ಗಿ ನೋಡಿಲ್ಲ ಅಷ್ಟ” ಎಂದಳು.

ಒಳಗಿನ ನೆಲಕ್ಕೆ ಹಲಗೆ ಕೊಟ್ಟು ಸಮ ಮಾಡಿಸಿ ಯಂತ್ರವನ್ನು ಪರದೆಯ ಹಿಂದಕ್ಕೆ ಸಾಗಿಸಿದೆ. ಮೊದಲು ಶೌಚಾಲಯ, ಆಮೇಲೆ ತೂಕ. ಒಬ್ಬೊಬ್ಬರೇ ಒಳಗೆ. ಅಂಕಿಯನ್ನು ಕೂಗುವುದಿಲ್ಲ, ಮೊದಲು ಅವಳಿಗೇ ತೋರಿಸುವುದು. ಇದರಿಂದ ತಪಾಸಣೆಯ ದಿನ ಎರಡು ತಾಸು ಉದ್ದವಾಯಿತು. “ಸಂಜಿ ಆಕ್ಕೈತ್ರಿ ಸಿಸ್ಟರ್, ನನಗೂ ಮನಿ ಐತಿ” ಎಂದು ಆಶಾ ಗೊಣಗಿದಳು. ಅವಳು ಹೇಳಿದ್ದೂ ಸರಿಯೇ.

ಹದಿನೈದು ದಿನಕ್ಕೊಮ್ಮೆ ಹುಡುಗಿಯನ್ನು ತೂಗಿದೆ. ನಲವತ್ತು, ನಲವತ್ತೊಂದು. ಕಬ್ಬಿಣದ ಔಷಧಿಯನ್ನು ಬಾಟ್ಲಿಯಲ್ಲಿ ಏರಿಸಲು ತಾಲ್ಲೂಕು ಆಸ್ಪತ್ರೆಗೆ ನಾಲ್ಕು ಸಲ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಳು, ನಾನೂ. ಜುಲೈನಲ್ಲಿ ಒಂದು ವಾರದ ಭೇದಿ ಎಂಟುನೂರು ಗ್ರಾಂ ತಿಂದುಹಾಕಿತು. ಯಂತ್ರದ ಮುಂದೆ ನಿಂತು ಅಳು ಬಂದದ್ದು ನನಗೆ. “ಮತ್ತ ಏರತೈತಿ ಬಿಡ್ರೀ ಸಿಸ್ಟರ್” ಎಂದು ಅವಳೇ ಸಮಾಧಾನ ಮಾಡಿದಳು. ಕೊನೆಗೆ ನಲವತ್ನಾಲ್ಕಕ್ಕೆ ನಿಂತಿತು. ಒಟ್ಟು ಆರು ಕೆಜಿ. ಹತ್ತಾದರೂ ಆಗಬೇಕಿತ್ತು. ಆ ಉಳಿದ ನಾಲ್ಕು ಕೆಜಿಯಲ್ಲಿ ನನ್ನ ಪಾಲು ಎಷ್ಟು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಶ್ರಾವಣದ ಒಂದು ಬೆಳಗ್ಗೆ ನೋವು ಶುರುವಾಯಿತು. ಮಾತು ಕೊಟ್ಟಂತೆ ಅವಳ ಜೊತೆಗೆ ಆಂಬುಲೆನ್ಸಿನಲ್ಲಿ ಹೋದೆ. ಹೆರಿಗೆ ಕೋಣೆಯ ಬಾಗಿಲ ಹೊರಗೆ ಅತ್ತೆ ಗೋಡೆಗೆ ಆತು ನಿಂತೇ ಇದ್ದರು. ಕೂರಲಿಲ್ಲ, ನೀರು ಕುಡಿಯಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ, ಆಪರೇಷನ್ ಇಲ್ಲದೆಯೇ, ಹೆಣ್ಣುಕೂಸು ಹುಟ್ಟಿತು. ಎರಡು ಕೆಜಿ ನಾನೂರು ಗ್ರಾಂ. ಎರಡೂವರೆಗೆ ನೂರು ಗ್ರಾಂ ಕಡಿಮೆ. ನನ್ನ ರಿಜಿಸ್ಟರಿನಲ್ಲಿ ಅದಕ್ಕೆ ಬೇರೆಯದೇ ಕಲಂ ಇದೆ, ಕಡಿಮೆ ತೂಕದ ಕೂಸುಗಳ ಕಲಂ. ಅಲ್ಲಿಯೇ ಬರೆಯಬೇಕಲ್ಲ ಎಂದು ಸೋತ ಮುಖ ಹೊತ್ತು ಹೊರಗೆ ಬಂದೆ.

ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡರು. “ಅತ್ತಿತ್ರೀ ನರ್ಸಮ್ಮಾರ! ಹೊರಗ ಕೇಳಸ್ತು. ಎರಡು ಸಲ ಅತ್ತಿತು!” ಎಂದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ತಾವೇ ಅತ್ತರು. ನಾನೂ ಪಕ್ಕದಲ್ಲಿ ಕೂತೆ.

ಒಂದೂವರೆ ತಿಂಗಳಿಗೆ ಮೊದಲ ಲಸಿಕೆಗೆ ಮೂವರೂ ಬಂದರು. ಕೂಸಿನ ತಲೆಗೆ ಕುಂಚಿಗೆ, ಕಾಲಿಗೆ ಬೆಳ್ಳಿ ಗೆಜ್ಜೆ, ಸೊಂಟಕ್ಕೆ ಉಡಿದಾರ, ಮೇಲೆ ಎರಡು ಸುತ್ತು ಕೌದಿ. ಹಾಗೇ ತಕ್ಕಡಿಯಲ್ಲಿ ಮಲಗಿಸಿ, ಬಟ್ಟೆಯ ತೂಕ ಅಂದಾಜಿನಲ್ಲಿ ಕಳೆದುಕೊಂಡರಾಯಿತು ಎಂದು ಕೈಚಾಚಿದೆ. ಹೊರಗೆ ಇನ್ನೂ ಒಂಬತ್ತು ಕೂಸುಗಳಿದ್ದವು, ನನಗೆ ಬೆನ್ನು ನೋಯುತ್ತಿತ್ತು.

ಅತ್ತೆ ಕೂಸನ್ನು ಕೊಡಲಿಲ್ಲ. ಮಂಚದ ಮೇಲೆ ಮಲಗಿಸಿ ಕೌದಿ ಬಿಚ್ಚಿದರು, ಕುಂಚಿಗೆ ತೆಗೆದರು, ಗೆಜ್ಜೆ ಕಳಚಿ ಸೊಸೆಯ ಕೈಗೆ ಕೊಟ್ಟರು. ಬರಿಮೈಯ ಕೂಸನ್ನು ತಾವೇ ತಕ್ಕಡಿಯಲ್ಲಿಟ್ಟು, ನನ್ನ ಮುಖ ನೋಡಿದರು.

“ಈಗ ತೂಗ್ರಿ ನರ್ಸಮ್ಮಾರ. ಜ್ವಾಳದ ತೂಕ ಬ್ಯಾಡ ನಮಗ.”

ಹುಡುಗಿಯ ಕೈಯಲ್ಲಿ ಗೆಜ್ಜೆ ಸದ್ದಾಯಿತು. ನಾನು ಅವಳನ್ನು ನೋಡಿದೆ, ಅವಳು ನನ್ನನ್ನು. ಜೋಳದ ಮಾತನ್ನು ನಾವಿಬ್ಬರೂ ಅತ್ತೆಗೆ ಹೇಳಿರಲಿಲ್ಲ. ತನ್ನ ಮನೆಯ ಚೀಲದಿಂದ ಎರಡು ಸೇರು ಹೋದದ್ದೂ ತಿರುಗಿ ಬಂದದ್ದೂ ತಿಳಿಯದ ಹೆಂಗಸು ನಮ್ಮ ಕಡೆ ಯಾವಳಿದ್ದಾಳೆ? ತೋಟದಲ್ಲಿ ನಾನು ತಪ್ಪು ನನ್ನದೆಂದು ಹೇಳಿದಾಗ ಅವರು ಒಮ್ಮೆ ನೋಡಿ ಸುಮ್ಮನಾದದ್ದು ನೆನಪಾಯಿತು.

ಕೂಸು ಚಳಿಗೆ ಕಿರುಚತೊಡಗಿತ್ತು. ಮುಳ್ಳು ನಿಲ್ಲುವತನಕ ಮೂವರೂ ಕಾದೆವು. ಮೂರು ಕೆಜಿ ಐನೂರು ಗ್ರಾಂ. ಹಾಗೇ ಬರೆದುಕೊಂಡೆ.